ತಿಂಗಳಿಗೆ ಮೂರು ಜನ: ನಮ್ಮ ಮಹಿಳಾ ಸಮಾಜದ ಒಂದು ವರ್ಷ

ತಿಪಟೂರಿನ ನಮ್ಮ ಬಡಾವಣೆಯ ಮಹಿಳಾ ಸಮಾಜದಲ್ಲಿ ನಾವು 36 ಜನ. ಹಿಂದೆಲ್ಲ ಸಮಾಜದ ಕೆಲಸಕ್ಕೆ ದುಡಿಯುತ್ತಿದ್ದವರು ಐದೇ ಜನ. ಕಳೆದ ಯುಗಾದಿಗೆ ನಾನು ಒಂದು ಮಾತು ಹೇಳಿದೆ. ಚೀಟಿ ಎತ್ತಿ ತಿಂಗಳಿಗೆ ಮೂವರನ್ನು ಆರಿಸೋಣ, ಆ ತಿಂಗಳ ಕೆಲಸ ಪೂರ್ತಿ ಅವರದ್ದೇ, 1,500 ರೂಪಾಯಿ ಅವರ ಕೈಗೆ ಕೊಡೋಣ, ಅಧ್ಯಕ್ಷರನ್ನೂ ಕೇಳಬೇಕಾಗಿಲ್ಲ. "ದುಡ್ಡು ಪೋಲಾಗುತ್ತೆ ಅಕ್ಕಾ" ಅಂದರು ಎಲ್ಲರೂ. ಖಜಾಂಚಿಯಂತೂ ಲೆಕ್ಕದ ಪುಸ್ತಕ ತಂದು ನನ್ನ ಮುಂದೆ ಇಟ್ಟುಬಿಟ್ಟರು.

ಮೊದಲ ಎರಡು ತಿಂಗಳು ಅವರು ಹೇಳಿದ್ದೇ ಆಯಿತು. ಒಂದು ತಂಡ ಭಾಷಣ ಇಟ್ಟಿತು. ಶಾಮಿಯಾನ, ಮೈಕು, ಹಾರ, ಶಾಲು ಅಂತ ಮೂರೂವರೆ ಸಾವಿರ ಹೋಯಿತು. ಅತಿಥಿ ಬಂದಿದ್ದು ಎರಡು ಗಂಟೆ ತಡವಾಗಿ, ಅಷ್ಟು ಹೊತ್ತಿಗೆ ಅರ್ಧ ಜನ ಎದ್ದು ಮನೆಗೆ ಹೋಗಿದ್ದರು. ಅವತ್ತೇ ನಿಯಮ ಮಾಡಿದೆವು. ಹಾರ, ಶಾಲು ಬೇಡ. 1,500 ದಾಟಿದರೆ ಆ ಮೂವರೇ ಕೈಯಿಂದ ಹಾಕಬೇಕು. ಅಲ್ಲಿಂದ ದಾರಿಗೆ ಬಂತು ನೋಡಿ.

ಆಷಾಢದಲ್ಲಿ ಮದುವೆ ಇಲ್ಲದೆ ಛತ್ರ ಖಾಲಿ ಇರುತ್ತೆ ಅಲ್ವಾ, ಕರೆಂಟಿನ ದುಡ್ಡಷ್ಟೇ ಕೊಟ್ಟು ಅಲ್ಲಿ ಎಲ್ಲರಿಗೂ ಎಚ್‌ಬಿ, ಅಂದರೆ ರಕ್ತದ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿದೆವು. ಗೌರಿ ಹಬ್ಬದ ಬಾಗಿನಕ್ಕೆ ಮೊರವನ್ನು ಅಂಗಡಿಯಿಂದ ತರಲಿಲ್ಲ. ತಿಂಗಳು ಮುಂಚೆ ಮೇದರ ಮನೆಗೇ ಹೋಗಿ ಮುಂಗಡ ಕೊಟ್ಟು ಹೇಳಿ ಬಂದೆವು, ಒಂದು ಜೊತೆ ಮೊರಕ್ಕೆ 40 ರೂಪಾಯಿಯಾದರೂ ಉಳಿಯಿತು. ಮಧ್ಯೆ ಹಳೇ ಸೀರೆಯಲ್ಲಿ ಚೀಲ ಹೊಲಿಯುವ ಪ್ರಯೋಗವೂ ಆಯಿತು. ನೈಲಾನ್ ಸೀರೆ ಮಿಷನ್ನಿನಲ್ಲಿ ಜಾರುತ್ತೆ, ಭಾರ ಹಾಕಿದರೆ ಹೊಲಿಗೆ ಬಿಡುತ್ತೆ. ಹತ್ತಿ ಸೀರೆಯದ್ದು ಮಾತ್ರ ಗಟ್ಟಿ. 60 ಚೀಲಕ್ಕೆ ನಿಲ್ಲಿಸಿದೆವು.

ದುಡ್ಡು ಬಂದಿದ್ದು ಸಂಕ್ರಾಂತಿಗೆ. ಅದರ ಹಿಂದಿನ ವರ್ಷ ಎಳ್ಳು-ಬೆಲ್ಲ 30 ಕೆಜಿ ಮಾಡಿ ಹತ್ತು ಕೆಜಿ ಉಳಿಸಿಕೊಂಡಿದ್ದೆವು. ಬೆಲ್ಲ ಪಸೆ ಬಿಟ್ಟು ಎಳ್ಳೆಲ್ಲ ಅಂಟಿಕೊಂಡಿತ್ತು. ಈ ಸಲ ಜನವರಿ ಚೀಟಿ ಬಂದ ಮೂವರು ಡಿಸೆಂಬರಿನಲ್ಲೇ ಮನೆಮನೆ ತಿರುಗಿ ಅರ್ಧ ದುಡ್ಡು ಮುಂಗಡ ತೆಗೆದುಕೊಂಡೇ ಸಾಮಾನು ತಂದರು. ಕೊಬ್ಬರಿಯ ಊರಿನಲ್ಲಿದ್ದರೂ ಕೊಬ್ಬರಿ ರೇಟು ಕೇಳಿ ಎದೆ ಝಲ್ಲೆಂದಿತು, ಆದರೂ ಪಾಲು ಕಡಿಮೆ ಮಾಡಲಿಲ್ಲ. ಹುರಿಗಡಲೆ ಜಾಸ್ತಿ ಸುರಿದು ತೂಕ ತೋರಿಸುವುದು ನನಗೆ ಆಗದ ಕೆಲಸ. ಹೆಚ್ಚಿದ ಕೊಬ್ಬರಿ, ಬೆಲ್ಲವನ್ನು ಬೇರೆ ಬೇರೆ ಬಟ್ಟೆಯ ಮೇಲೆ ನಾಲ್ಕು ದಿನ ಬಿಸಿಲಿಗೆ ಹಾಕಿ, ಪ್ಯಾಕೆಟ್ ಕಟ್ಟುವ ದಿನ ಬೆಳಿಗ್ಗೆಯೇ ಎಲ್ಲ ಬೆರೆಸಿದೆವು. ಒಂದು ಕಾಳೂ ಅಂಟಲಿಲ್ಲ.

ಸಕ್ಕರೆ ಅಚ್ಚು ಮಾತ್ರ ಅಳಿಸಿತು. ಮೊದಲ ದಿನ ಎರಡು ಕೆಜಿ ಸಕ್ಕರೆಯ ಪಾಕವನ್ನು ಒಟ್ಟಿಗೇ ಕಾಯಿಸಿ, ಸುರಿಯುವಷ್ಟರಲ್ಲಿ ಬಾಣಲೆಯಲ್ಲೇ ಗಟ್ಟಿಯಾಯಿತು. ಮಾರನೆಯ ದಿನ ಆನೆಯ ಸೊಂಡಿಲು ಎಲ್ಲ ಮುರಿದು ಬಂದವು, ಮರದ ಅಚ್ಚು ಸರಿಯಾಗಿ ನೆನೆದಿರಲಿಲ್ಲ. ಆಮೇಲೆ ಅಚ್ಚನ್ನು ರಾತ್ರಿಯಿಡೀ ನೀರಿನಲ್ಲಿಟ್ಟು, ಒಂದು ಸಲಕ್ಕೆ ಒಂದೇ ಬಟ್ಟಲು ಪಾಕ ಕಾಯಿಸಿದೆವು. ಹಾಲು ಹಾಕಿ ಕೊಳೆ ತೆಗೆಯುವುದು ನಿಮಗೆಲ್ಲ ಗೊತ್ತು. ಅದಾದ ಮೇಲೆ ನಾವು ಇನ್ನೊಂದು ಹಾಕುತ್ತೇವೆ, ಅದನ್ನು ಹೇಳುವುದಿಲ್ಲ, ಕಲಿಸಿದ ಅಜ್ಜಿಗೆ ಮಾತು ಕೊಟ್ಟಿದ್ದೇನೆ. ಆದರೆ ನಮ್ಮಷ್ಟು ಬಿಳಿ ಅಚ್ಚು ಈ ಸಲ ಪೇಟೆಯಲ್ಲಿ ಇರಲಿಲ್ಲ.

ಎಳ್ಳು-ಬೆಲ್ಲ ಒಟ್ಟು 90 ಕೆಜಿ ಹೋಯಿತು. ಅಚ್ಚೂ ಸೇರಿ ಸುಮಾರು 42 ಸಾವಿರ ಬಂತು, ಖರ್ಚು 26 ಸಾವಿರದ ಹತ್ತಿರ. ಉಳಿದದ್ದರಲ್ಲಿ ಕೆಲಸ ಮಾಡಿದವರಿಗೆ ದಿನಕ್ಕೆ 200ರಂತೆ ಕೊಟ್ಟೆವು. ಸುಮ್ನೆ ದುಡಿಸಿಕೊಂಡರೆ ಮುಂದಿನ ವರ್ಷ ಯಾರೂ ಬರುವುದಿಲ್ಲ. ಅಷ್ಟಾಗಿಯೂ ಸಮಾಜದ ಪುಸ್ತಕಕ್ಕೆ ಎಂಟು ಸಾವಿರ ಸೇರಿತು.

ಈ ಯುಗಾದಿಗೆ ಮತ್ತೆ ಚೀಟಿ ಎತ್ತಿದೆವು. ಡಬ್ಬಿ ಹಿಡಿದು ನಿಂತಿದ್ದವರು ಖಜಾಂಚಿಯೇ. ಮರದ ಅಚ್ಚು ಇನ್ನೂ ಆರು ಜೊತೆ ಬೇಕು, ಹಳೆಯವು ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಒಳ್ಳೆಯ ಬೆಲೆ ಕೊಟ್ಟೇ ಕೊಳ್ಳುತ್ತೇವೆ.