ಉಕ್ಕಿನ ಗೋಡೆಗೆ ಅಡ್ಡ ಹಿಡಿತ: ಬೋರ್ಡ್ ಹೊಡೆಯುವ ಮೊದಲಿನ ಕೆಲಸ

ಹೊಸ ಹುಡುಗರು ಕೆಲಸಕ್ಕೆ ಬಂದಾಗ 3 ಮೀಟರ್ ಎತ್ತರದ ಒಂದು ಸ್ಟಡ್ಡನ್ನು, ಅಂದರೆ ಗೋಡೆಯ ಚೌಕಟ್ಟಿನ ಉಕ್ಕಿನ ಕಂಬವನ್ನು, ನಿಲ್ಲಿಸಿ, ನಡುಭಾಗವನ್ನು ಹೆಬ್ಬೆರಳಿನಿಂದ ಒತ್ತಲು ಹೇಳುತ್ತೇನೆ. ಗೋಡೆಯ ದಪ್ಪದ ಕಡೆಗೆ ಒತ್ತಿದರೆ ಅದು ಗಟ್ಟಿಯಾಗಿ ನಿಲ್ಲುತ್ತದೆ. ಗೋಡೆಯ ಉದ್ದಕ್ಕೆ ಒತ್ತಿದರೆ ಬಳುಕುತ್ತದೆ, ಜೊತೆಗೆ ತಿರುಚಿಕೊಳ್ಳುತ್ತದೆ. 89 ಮಿ.ಮೀ. ಅಗಲ, 1 ಮಿ.ಮೀ.ಗೂ ತೆಳುವಾದ ‘ಸಿ’ ಆಕಾರದ ತಗಡಿಗೆ ಇದು ಹುಟ್ಟುಗುಣ. ಅದಕ್ಕೇ ಅಡ್ಡ ಹಿಡಿತ, ಅಂದರೆ ಸ್ಟಡ್‌ಗಳನ್ನು ನಡುವೆ ಅಡ್ಡಲಾಗಿ ಒಂದಕ್ಕೊಂದು ಕಟ್ಟುವ ಸಾಲು, ಬೇಕು. ಉದ್ದನೆಯ ತೆಳು ಕಂಬದಲ್ಲಿ ಹಿಡಿತವಿಲ್ಲದ ಉದ್ದವನ್ನು ಅರ್ಧಕ್ಕಿಳಿಸಿದರೆ, ಪಕ್ಕಕ್ಕೆ ಬಾಗುವ ಮುನ್ನ ಅದು ತಾಳುವ ಭಾರ ಲೆಕ್ಕದಲ್ಲಿ ನಾಲ್ಕು ಪಟ್ಟಾಗುತ್ತದೆ.

ಗಾಳಿಗೆ ಗೋಡೆ ವಾಲದಿರಲೆಂದು ಓರೆಯಾಗಿ ಬಿಗಿಯುವ ಪಟ್ಟಿಯೇ ಬೇರೆ, ಇದೇ ಬೇರೆ. ಒಂದು ಇದ್ದರೆ ಇನ್ನೊಂದು ಬೇಡವೆಂದು ದಯವಿಟ್ಟು ತಿಳಿಯಬೇಡಿ.

ಸ್ಟಡ್‌ಗಳನ್ನು ಟ್ರ್ಯಾಕಿಗೆ (ಗೋಡೆಯ ಅಡಿಯಲ್ಲೂ ತಲೆಯಲ್ಲೂ ಉದ್ದಕ್ಕೆ ಬರುವ ಉಕ್ಕಿನ ಪಟ್ಟಿಗೆ) ಕೂರಿಸುವಾಗಲೇ ಅವುಗಳ ತೂತುಗಳು ಒಂದೇ ಸಾಲಿನಲ್ಲಿ ಬರುವಂತೆ ನೋಡಿಕೊಳ್ಳಿ. ಒಂದು ಸ್ಟಡ್ ತಲೆಕೆಳಗಾದರೂ ಸಾಲು ತಪ್ಪುತ್ತದೆ. ರಸಮಟ್ಟ ಹಿಡಿದು ಸ್ಟಡ್ ನೇರವಾಗಿದೆಯೇ ಎಂದು ನೋಡಿದ ಮೇಲೆ 38 ಮಿ.ಮೀ. ಚಾನೆಲ್ಲನ್ನು (‘ಯು’ ಆಕಾರದ ಉಕ್ಕಿನ ಪಟ್ಟಿಯನ್ನು) ತೂತುಗಳ ಮೂಲಕ ತೂರಿಸಿ. ಎಂಜಿನಿಯರರ ನಕ್ಷೆಯಲ್ಲಿ ಸಾಮಾನ್ಯವಾಗಿ 1,200 ಮಿ.ಮೀ.ಗೆ ಒಂದು ಸಾಲು ಇರುತ್ತದೆ. 3 ಮೀಟರ್ ಗೋಡೆಗೆ ಎರಡು ಸಾಲು. ಚಾನೆಲ್ ತೂರಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಪ್ರತಿ ಸ್ಟಡ್ಡಿನಲ್ಲೂ ಕ್ಲಿಪ್ ಇಟ್ಟು, ಸ್ಟಡ್ಡಿಗೂ ಚಾನೆಲ್ಲಿಗೂ ಸ್ಕ್ರೂ ಹಾಕಲೇಬೇಕು. ಕ್ಲಿಪ್ಪಿಲ್ಲದ ಚಾನೆಲ್ ತೂತಿನಲ್ಲಿ ಸುಮ್ಮನೆ ಮಲಗಿರುತ್ತದೆ, ಸ್ಟಡ್ಡಿನ ತಿರುಚನ್ನು ತಡೆಯುವುದಿಲ್ಲ.

ಚಾನೆಲ್ಲಿನ ಬದಲು ಚಪ್ಪಟೆ ಪಟ್ಟಿ ಹಾಕುವುದಾದರೆ ಗೋಡೆಯ ಎರಡೂ ಮುಖಕ್ಕೆ ಹಾಕಿ, ಬಿಗಿಯಾಗಿ ಎಳೆದು ಸ್ಕ್ರೂ ಮಾಡಿ. ಪಟ್ಟಿಗೆ ಎಳೆತ ಮಾತ್ರ ಗೊತ್ತು, ತಳ್ಳಿದರೆ ಮಡಚಿಕೊಳ್ಳುತ್ತದೆ. ಆದ್ದರಿಂದ ಸಾಲಿನ ಎರಡು ತುದಿಗಳಲ್ಲೂ ನಡುನಡುವೆಯೂ ಸ್ಟಡ್‌ಗಳ ಮಧ್ಯೆ ಉಕ್ಕಿನ ಬ್ಲಾಕ್ ಬೇಕು.

ಹೆಚ್ಚಿನವರು ಮರೆಯುವುದು ತುದಿಯನ್ನು. ಸ್ಟಡ್ ಹೊರುವ ಭಾರದಲ್ಲಿ ನೂರಕ್ಕೆ ಎರಡು ಪಾಲನ್ನು ಅಡ್ಡ ಹಿಡಿತದ ಬಲವೆಂದು ಲೆಕ್ಕ ಹಾಕುತ್ತಾರೆ. ಸ್ಟಡ್ಡಿಗೆ 1,000 ಕಿಲೋ ಭಾರವಿದ್ದರೆ 20 ಕಿಲೋ. ಹತ್ತು ಸ್ಟಡ್ ಒಂದೇ ಕಡೆಗೆ ವಾಲಿದರೆ ತುದಿಯಲ್ಲಿ 200 ಕಿಲೋ ಕೂಡುತ್ತದೆ. ಅದನ್ನು ಹೊರುವ ಗಟ್ಟಿ ಜಾಗಕ್ಕೆ ಸಾಲನ್ನು ಕಟ್ಟಿ.

“ಹೇಗೂ ಬೋರ್ಡ್ ಬರುತ್ತದಲ್ಲ ಸಾರ್, ಅದೇ ಸ್ಟಡ್ಡನ್ನು ಹಿಡಿಯುತ್ತದೆ” ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಮೇಲಿನ ಭಾರ ಮೊದಲು ಬರುತ್ತದೆ, ಜಿಪ್ಸಂ ಬೋರ್ಡ್ ಆಮೇಲೆ ಬರುತ್ತದೆ, ನೆನೆದರೆ ಅದರ ಶಕ್ತಿಯೂ ಹೋಗುತ್ತದೆ.

ತುಮಕೂರಿನಲ್ಲಿ ಹಳೆಯ ಮನೆಯೊಂದರ ಮೇಲೆ ಮಹಡಿ ಕಟ್ಟುವಾಗ, ವೈರಿಂಗ್ ಪೈಪ್ ಹಾಯಿಸಲು ಯಾರೋ ಒಂದು ಚಾನೆಲ್ಲನ್ನು ಗ್ರೈಂಡರಿನಿಂದ ಕತ್ತರಿಸಿದ್ದರು. ಬೋರ್ಡ್ ಹೊಡೆಯುವ ಹಿಂದಿನ ಸಂಜೆ ಟಾರ್ಚ್ ಹಿಡಿದು ನೋಡುವಾಗ ಕಂಡಿತು: ಸ್ಟಡ್ಡಿನ ಅಂಚು ನೇರ ನೋಡಲು ಕಟ್ಟಿದ ದಾರದಿಂದ ಒಂದು ಬೆರಳಿನಷ್ಟು ಆಚೆ ಸರಿದಿತ್ತು. ಮೇಲಿನ ಭಾರಕ್ಕೆ ಜಾಕಿ ಕೊಟ್ಟು, ಆ ಸ್ಟಡ್ ತೆಗೆದು ಹೊಸದು ಕೂರಿಸಿ, ಚಾನೆಲ್ಲಿಗೆ ಜೋಡು ತುಂಡು ಹೊಂದಿಸಿ ಎರಡೂ ಕಡೆಯ ಸ್ಟಡ್‌ಗಳಿಗೆ ಕ್ಲಿಪ್ ಹೊಡೆದೆವು. ಪೈಪನ್ನು ಪಕ್ಕದ ಬೇರೆ ತೂತಿನಿಂದ ಹಾಯಿಸಿದೆವು.