ನೇಪಾಳದ ಹೈವೇ ಹೋಟೆಲ್‌ಗಳಿಗೆ ಪೀಣ್ಯದ ಚಾರ್ಜರ್: ನನ್ನ ಅನುಭವ

ಪಕ್ಕದ ದೇಶದ ಸರ್ಕಾರ ಏನನ್ನೋ "ನಮ್ಮ ಆದ್ಯತೆ" ಅಂತ ಘೋಷಿಸಿದ ಕೂಡಲೇ ನಮ್ಮಲ್ಲಿ ಕೆಲವರು ಬ್ಯಾಗ್ ಕಟ್ಟಿಬಿಡುತ್ತಾರೆ. ನಾನು ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಘಟಕ ಇಟ್ಟುಕೊಂಡು ಎಲೆಕ್ಟ್ರಿಕ್ ವಾಹನಗಳಿಗೆ ಡಿಸಿ ಚಾರ್ಜರ್, ಅಂದರೆ ಬೇಗ ಚಾರ್ಜ್ ಮಾಡುವ ಯಂತ್ರ, ಮಾಡುತ್ತೇನೆ. 2022ರಿಂದ ನೇಪಾಳಕ್ಕೂ ಕಳಿಸುತ್ತಿದ್ದೇನೆ. ಹೊರಡುವ ಮುಂಚೆ ನಾನು ಉತ್ತರ ಹುಡುಕಿದ್ದು ಒಂದೇ ಪ್ರಶ್ನೆಗೆ: ಎಲೆಕ್ಟ್ರಿಕ್ ವಾಹನ ಬೇಕು ಅನ್ನುವ ನೇಪಾಳದ ಈ ಆದ್ಯತೆ ಯಾಕೆ ಹುಟ್ಟಿತು, ಸರ್ಕಾರ ಬಿದ್ದರೂ ಆ ಕಾರಣ ಉಳಿಯುತ್ತದಾ?

ನೇಪಾಳದಲ್ಲಿ ಎಣ್ಣೆ ಬಾವಿ ಇಲ್ಲ. ಪೆಟ್ರೋಲು, ಡೀಸೆಲ್ಲು ಭಾರತದಿಂದಲೇ ಹೋಗಬೇಕು. 2019ರಲ್ಲಿ ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮಲೇಖಗಂಜ್‌ಗೆ ಪೈಪ್‌ಲೈನನ್ನೇ ಹಾಕಿದರು. 2015ರ ಕೊನೆಯಲ್ಲಿ ಭಾರತದ ಗಡಿಯಲ್ಲಿ ಸರಕು ನಿಂತಾಗ ಕಾಠ್ಮಂಡುವಿನ ಜನ ಸಿಲಿಂಡರ್‌ಗೂ ಪೆಟ್ರೋಲ್‌ಗೂ ತಿಂಗಳುಗಟ್ಟಲೆ ಪರದಾಡಿದರು. ಅದನ್ನು ಅವರು ಮರೆತಿಲ್ಲ. ಆ ಮಾತು ಬಂದಾಗ ಭಾರತದಿಂದ ಹೋದ ವ್ಯಾಪಾರಿ ಸುಮ್ಮನೆ ಕೇಳಿಸಿಕೊಳ್ಳುವುದು ಒಳ್ಳೆಯದು. ವಾದ ಮಾಡಲು ಹೋದರೆ ಆರ್ಡರ್ ಹೋಯಿತು ಅಂತಲೇ ಲೆಕ್ಕ.

ಇನ್ನೊಂದು ಕಡೆ ನದಿಗಳಿವೆ. ಒಂದು ಕಾಲಕ್ಕೆ ದಿನಕ್ಕೆ 18 ಗಂಟೆವರೆಗೂ ಲೋಡ್‌ಶೆಡ್ಡಿಂಗ್ ಕಂಡ ದೇಶ ಅದು. 2016ರಲ್ಲಿ ಕುಲ್ಮಾನ್ ಘಿಸಿಂಗ್ ಅಲ್ಲಿನ ವಿದ್ಯುತ್ ಪ್ರಾಧಿಕಾರದ ಮುಖ್ಯಸ್ಥರಾಗಿ ಬಂದ ಮೇಲೆ ಕಾಠ್ಮಂಡುವಿನಲ್ಲಿ ಅದು ನಿಂತಿತು. 2021ರಲ್ಲಿ 456 ಮೆಗಾವಾಟ್‌ನ ಅಪ್ಪರ್ ತಾಮಾಕೋಶಿ ಜಲವಿದ್ಯುತ್ ಯೋಜನೆ ಶುರುವಾಯಿತು. ಮಳೆಗಾಲದಲ್ಲಿ ಕರೆಂಟು ಮಿಗತೊಡಗಿತು. ಕೊಳ್ಳುವ ಎಣ್ಣೆಗೆ ದುಡ್ಡು ಸುರಿಯುತ್ತಾ, ಸ್ವಂತ ಕರೆಂಟು ಮಿಗಿಸಿಕೊಂಡು ಕೂತ ದೇಶ ಇನ್ನೇನು ಮಾಡೀತು? ಪ್ರಧಾನಿ ದೇವುಬಾ ಹೋಗಿ ಪ್ರಚಂಡ ಬಂದರು, 2024ರಲ್ಲಿ ಓಲಿ ಬಂದರು. ಎಲೆಕ್ಟ್ರಿಕ್ ವಾಹನ ಬೇಕು ಅನ್ನುವುದನ್ನು ಯಾರೂ ಕೈಬಿಡಲಿಲ್ಲ.

ಆದರೆ ತೆರಿಗೆ ಮಾತ್ರ ವರ್ಷಕ್ಕೊಂದು ಥರ. 2020ರ ಬಜೆಟ್‌ನಲ್ಲಿ ಎಲೆಕ್ಟ್ರಿಕ್ ಕಾರುಗಳ ಮೇಲೆ ಏಕಾಏಕಿ ಭಾರಿ ತೆರಿಗೆ ಹೇರಿದರು. ಮರುವರ್ಷ ಇಳಿಸಿದರು. ಆಮೇಲೆ ಮೋಟಾರ್ ಎಷ್ಟು ಕಿಲೋವಾಟ್ ಅನ್ನುವುದರ ಮೇಲೆ ದರ ಗೊತ್ತುಮಾಡಿದರು. ತಕ್ಷಣ 100 ಕಿಲೋವಾಟ್ ಗೆರೆ ದಾಟದ ಹಾಗೆ ಶಕ್ತಿ ಇಳಿಸಿದ ಮೋಟಾರಿನ ಕಾರುಗಳು ಬಂದವು! ಇಂಥ ಕಡೆ ಕಾರು ಮಾರಲು ದೊಡ್ಡ ಜೇಬು ಬೇಕು. ಅಲ್ಲಿ ಚೀನಾ ಕಂಪನಿಗಳೂ ಟಾಟಾದವರೂ ಇದ್ದಾರೆ, ಅವರು ನೋಡಿಕೊಳ್ಳಲಿ. ಯಾರ ಕಾರು ಗೆದ್ದರೂ ಚಾರ್ಜರ್ ಬೇಕಲ್ವಾ? ಅದರ ಮೇಲಿನ ಸುಂಕವೂ ಕಾರಿನದ್ದಕ್ಕಿಂತ ಎಷ್ಟೋ ಕಡಿಮೆ.

ಗಿರಾಕಿ ಯಾರು ಅನ್ನುವುದು ಮುಂದಿನ ಪ್ರಶ್ನೆ. ವಿದ್ಯುತ್ ಪ್ರಾಧಿಕಾರ ತಾನೇ 51 ಕಡೆ ದೊಡ್ಡ ಚಾರ್ಜಿಂಗ್ ಸ್ಟೇಷನ್ ಕಟ್ಟುತ್ತಿತ್ತು. ಅಂಥ ಟೆಂಡರ್ ನನ್ನ ಅಳತೆಗೆ ಮೀರಿದ್ದು. ಕಾಠ್ಮಂಡುವಿನಿಂದ ಮುಗ್ಲಿಂಗ್ ಮೇಲೆ ಚಿತವನ, ಪೋಖರಾ ಕಡೆ ಹೋಗುವ ರಸ್ತೆಯಲ್ಲಿ ಬಸ್ಸಿನಲ್ಲೇ ಓಡಾಡಿದೆ. ದಾರಿಯುದ್ದಕ್ಕೂ ಊಟಕ್ಕೆ ಬಸ್ ನಿಲ್ಲಿಸುವ ಹೋಟೆಲ್‌ಗಳು. ಎಲೆಕ್ಟ್ರಿಕ್ ಮೈಕ್ರೋಬಸ್ಸುಗಳು ಆಗಲೇ ಓಡಲು ಶುರುವಾಗಿದ್ದವು. ಒಬ್ಬ ಹೋಟೆಲ್ ಮಾಲೀಕರು ಲೆಕ್ಕ ಬಿಡಿಸಿಟ್ಟರು: "ಭಾಯಿಸಾಬ್, ಗಾಡಿ ಒಂದು ಗಂಟೆ ನಿಂತರೆ ಅಷ್ಟೂ ಜನ ನನ್ನಲ್ಲೇ ಊಟ ಮಾಡುತ್ತಾರೆ. ಕರೆಂಟಿನಲ್ಲಿ ಏನೂ ಗಿಟ್ಟದಿದ್ದರೂ ಪರವಾಗಿಲ್ಲ." ನನ್ನ ವ್ಯಾಪಾರ ನಿಂತಿರುವುದು ಈ ದಾಲ್-ಭಾತ್ ಲೆಕ್ಕದ ಮೇಲೆ. ಸಬ್ಸಿಡಿ ನಂಬಿದ ಗಿರಾಕಿಗಿಂತ ಇಂಥವರು ನನಗೆ ಇಷ್ಟ. ಬಜೆಟ್ ಏನಾದರೂ ಆಗಲಿ, ಜನಕ್ಕೆ ಹಸಿವಾಗುತ್ತದೆ.

ನಮ್ಮಲ್ಲಿ ಮಾಡುತ್ತಿದ್ದ ಚಾರ್ಜರನ್ನೇ ಹಾಗೇ ಕಳಿಸಲು ಆಗುತ್ತಿರಲಿಲ್ಲ. ನಮ್ಮ ಕಾರುಗಳಿಗೆ ಸಿಸಿಎಸ್-2 ಮಾದರಿಯ ಗನ್ (ಗಾಡಿಗೆ ಚುಚ್ಚುವ ಪ್ಲಗ್) ಸಾಕು. ಅಲ್ಲಿನ ಚೀನಾ ಮೈಕ್ರೋಬಸ್ಸುಗಳಲ್ಲಿ ಬಹಳಷ್ಟಕ್ಕೆ ಚೀನಾ ಮಾದರಿಯ ಜಿಬಿ/ಟಿ ಗನ್ ಬೇಕು. ಒಂದೇ ಪೆಟ್ಟಿಗೆಯಲ್ಲಿ ಎರಡೂ ಕೊಟ್ಟೆವು. ಎರಡನೆಯದು ವೋಲ್ಟೇಜ್. ಚಳಿಗಾಲದಲ್ಲಿ ನದಿ ಇಳಿದಾಗ ಅಲ್ಲಿ ಉತ್ಪಾದನೆ ಕುಸಿಯುತ್ತದೆ, ಭಾರತದಿಂದಲೇ ಕರೆಂಟು ತರಿಸುತ್ತಾರೆ. ಸಂಜೆ ಹೊತ್ತು ಹೈವೇ ಬದಿಯ ಲೈನಿನಲ್ಲಿ ವೋಲ್ಟೇಜ್ ಬಿದ್ದು ಹೋಗುತ್ತದೆ. ಆಗ ಟ್ರಿಪ್ ಆಗದೆ, ಕಡಿಮೆ ಕಿಲೋವಾಟ್‌ನಲ್ಲಾದರೂ ಚಾರ್ಜ್ ಮಾಡುತ್ತಿರುವ ಹಾಗೆ ಸಾಫ್ಟ್‌ವೇರ್ ಬದಲಿಸಿದೆವು. ಬಸ್ ಡ್ರೈವರ್‌ಗೆ ನಿಧಾನ ಆದರೂ ನಡೆಯುತ್ತದೆ, ಪೂರ್ತಿ ನಿಂತರೆ ನಡೆಯುವುದಿಲ್ಲ. ದೊಡ್ಡ ಚಾರ್ಜರ್ ಕೇಳಿದವರಿಗೂ ನಾನು ಮೊದಲು 30 ಕಿಲೋವಾಟಿನದ್ದೇ ಹೇಳುತ್ತೇನೆ. ಅದಕ್ಕಿಂತ ಮೇಲೆ ಹೋದರೆ ಎಷ್ಟೋ ಕಡೆ ಮಾಲೀಕರೇ ದುಡ್ಡು ಹಾಕಿ ಪ್ರತ್ಯೇಕ ಟ್ರಾನ್ಸ್‌ಫಾರ್ಮರ್ ಹಾಕಿಸಬೇಕು, ಚಾರ್ಜರ್‌ಗಿಂತ ಅದಕ್ಕೇ ಕಾಯುವುದು ಜಾಸ್ತಿ.

ಕಾಗದಪತ್ರ ಅಂದುಕೊಂಡಷ್ಟು ಕಷ್ಟ ಇಲ್ಲ. ನಮ್ಮ ಕಡೆ ಐಇಸಿ (ಆಮದು-ರಫ್ತು ಸಂಖ್ಯೆ), ಜಿಎಸ್‌ಟಿ ಕಟ್ಟದೆ ರಫ್ತು ಮಾಡಲು ಎಲ್‌ಯುಟಿ ಅನ್ನುವ ಮುಚ್ಚಳಿಕೆ, ಕಸ್ಟಮ್ಸ್‌ಗೆ ಕೊಡುವ ಶಿಪ್ಪಿಂಗ್ ಬಿಲ್. ಬಿಹಾರದ ಗಡಿ ಊರು ರಕ್ಸೌಲ್‌ನಲ್ಲಿ ಒಬ್ಬ ಒಳ್ಳೆ ಕಸ್ಟಮ್ಸ್ ಏಜೆಂಟ್, ಗಡಿಯಾಚೆ ಬೀರ್‌ಗಂಜ್‌ನಲ್ಲಿ ಇನ್ನೊಬ್ಬರು. ಹಣ ಭಾರತದ ರೂಪಾಯಿಯಲ್ಲೇ ಬರುತ್ತದೆ. 1993ರಿಂದ ನಮ್ಮ 100 ರೂಪಾಯಿಗೆ ಅವರ 160, ಹಾಗಾಗಿ ಡಾಲರ್ ಏರಿಳಿತದ ತಲೆನೋವು ಇಲ್ಲ. ಆದರೂ ನಾನು ಸಾಲ ಕೊಡುವುದಿಲ್ಲ. ಅರ್ಧ ಅಡ್ವಾನ್ಸ್, ಉಳಿದದ್ದು ಮಾಲು ಗಡಿ ದಾಟುವ ಮುಂಚೆ. ದೊಡ್ಡ ಆರ್ಡರ್ ಆದರೆ ಎಲ್‌ಸಿ, ಅಂದರೆ ಹಣಕ್ಕೆ ಬ್ಯಾಂಕಿನ ಖಾತರಿ ಪತ್ರ. 2022ರಲ್ಲಿ ವಿದೇಶಿ ವಿನಿಮಯ ಕರಗಿದಾಗ ಅವರು ಕಾರು, ಮದ್ಯ, ದುಬಾರಿ ಮೊಬೈಲ್ ಆಮದನ್ನೇ ತಿಂಗಳುಗಟ್ಟಲೆ ನಿಲ್ಲಿಸಿದ್ದರು. ಅಂಥ ಹೊತ್ತಲ್ಲಿ ಬಾಕಿ ವಸೂಲಿ ಮಾಡುವುದು ಯಾರಿಗೆ ಬೇಕು?

ಕ್ಯಾಲೆಂಡರ್ ಮಾತ್ರ ಬಾಯಿಪಾಠ ಇರಬೇಕು. ಅವರ ಬಜೆಟ್ ದಿನ ಸಂವಿಧಾನದಲ್ಲೇ ಇದೆ: ಜೇಠ್ 15, ಅಂದರೆ ನಮ್ಮ ಮೇ ಕೊನೆ. ಹೊಸ ಕಸ್ಟಮ್ಸ್ ದರ ಮರುದಿನದಿಂದಲೇ ಜಾರಿ. ಏಪ್ರಿಲ್‌ನಿಂದಲೇ ಆಮದುದಾರರು ಒಂದೋ ಅವಸರ ಮಾಡುತ್ತಾರೆ, ಇಲ್ಲಾ ಪೂರ್ತಿ ಕೈಕಟ್ಟಿ ಕೂರುತ್ತಾರೆ. ಹಾಗಾಗಿ ಮೇ ಮಧ್ಯದ ನಂತರ ನಾನು ಲಾರಿ ಹತ್ತಿಸುವುದಿಲ್ಲ. ದಸೈನ್, ತಿಹಾರ್ (ನಮ್ಮ ದಸರಾ, ದೀಪಾವಳಿ) ಹೊತ್ತಿಗೆ ಅಲ್ಲಿ ಯಾರೂ ಸಿಗುವುದಿಲ್ಲ. ಮಳೆಗಾಲದಲ್ಲಿ ಮುಗ್ಲಿಂಗ್ ರಸ್ತೆಯಲ್ಲಿ ಗುಡ್ಡ ಕುಸಿಯುತ್ತದೆ. ವರ್ಷದಲ್ಲಿ ನೆಮ್ಮದಿಯಾಗಿ ಮಾಲು ಕಳಿಸಲು ಉಳಿಯುವುದು ನವೆಂಬರ್‌ನಿಂದ ಏಪ್ರಿಲ್ ಅಷ್ಟೇ. ದಾಖಲೆಗಳಲ್ಲಿ ನಮ್ಮ ಇಸವಿಗಿಂತ ಮುಂದೆ ಓಡುವ ವಿಕ್ರಮ ಸಂವತ್ ತಾರೀಕು ಇರುತ್ತದೆ. ನಮ್ಮ ಬ್ಯಾಂಕಿನ ಹುಡುಗ 2080 ಅಂತ ಓದಿ, "ಸಾರ್, ಇದು ಇನ್ನೂ ಐವತ್ತು ವರ್ಷ ಇದೆಯಲ್ಲಾ" ಅಂದಿದ್ದ.

2025ರ ಸೆಪ್ಟೆಂಬರ್‌ನಲ್ಲಿ ಯುವಜನರ ಚಳವಳಿಗೆ ಓಲಿ ಸರ್ಕಾರ ಬಿತ್ತು, ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿಯಾದರು. ಆ ವಾರ ನನ್ನ ಫೋನಿಗೆ ನೇಪಾಳದಿಂದ ಒಂದು ಕರೆಯೂ ಇಲ್ಲ. ಆಮೇಲೆ ಮೊದಲು ಬಂದದ್ದು ಸರ್ವೀಸ್ ಕರೆ: ಒಂದು ಹೋಟೆಲ್‌ನಲ್ಲಿ ಗನ್ನಿನ ಕೇಬಲ್ ಮೇಲೆ ಬಸ್ ಹತ್ತಿತ್ತು. ಬೀರ್‌ಗಂಜ್‌ನ ಗೋಡೌನ್‌ನಲ್ಲಿ ಗನ್, ಕಂಟ್ರೋಲ್ ಕಾರ್ಡ್, ಫ್ಯಾನ್ ಯಾವಾಗಲೂ ಇಟ್ಟಿರುತ್ತೇವೆ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿದ ನೇಪಾಳಿ ಹುಡುಗನೊಬ್ಬ ಅಲ್ಲಿ ನಮ್ಮ ಸರ್ವೀಸ್ ನೋಡಿಕೊಳ್ಳುತ್ತಾನೆ. ಮರುದಿನ ಸಂಜೆಗೆ ಕೇಬಲ್ ಬದಲಾಯಿಸಿ ಫೋಟೋ ಕಳಿಸಿದ. ಪಕ್ಕದ ಊರಿನ ಹೋಟೆಲ್‌ನವರು ಅದನ್ನು ನೋಡಿ ಅವನ ನಂಬರ್ ಕೇಳಿದರಂತೆ.

ಈಚೆಗೆ ಕೆಲವರು ಭೂತಾನದ ಗೆಲೆಫು ಬಗ್ಗೆ ನನ್ನನ್ನು ಕೇಳುತ್ತಾರೆ. 2023ರ ಡಿಸೆಂಬರ್‌ನಲ್ಲಿ ಅಲ್ಲಿನ ದೊರೆ ಘೋಷಿಸಿದ ಹೊಸ ನಗರ ಅದು. ದೊರೆಯ ಯೋಜನೆ ಆದ್ದರಿಂದ ಚುನಾವಣೆಗೆ ಅಲುಗಾಡುವ ಭಯ ಕಡಿಮೆ, ಅದು ನಿಜ. ಆದರೆ ನನ್ನಂಥ ಸಣ್ಣ ಘಟಕದ ಮಾಲನ್ನು ಸ್ವಂತ ದುಡ್ಡು ಕೊಟ್ಟು ಕೊಳ್ಳುವ ಗಿರಾಕಿ ಅಲ್ಲಿ ನನಗಿನ್ನೂ ಕಂಡಿಲ್ಲ. ಸದ್ಯಕ್ಕೆ ಪೋಖರಾ ದಾರಿಯ ಆರ್ಡರ್‌ಗಳೇ ಕೈತುಂಬಾ ಇವೆ.