ನನ್ನ ಅನುಭವ: ಚಾಣದ ಮೊಟ್ಟೆ ಚಿಪ್ಪು ಅಳೆಯೋಕೆ ಹೋಗಿ ಎರಡು ಸಲ ತಪ್ಪು ಲೆಕ್ಕ ಹಾಕಿದ್ದು

ಪೆರೆಗ್ರಿನ್ ಚಾಣ ಅನ್ನೋ ಬೇಟೆ ಹಕ್ಕಿಯ ಗೂಡುಗಳನ್ನ ನೋಡ್ತಾ ಬಂದು ಆರು ವರ್ಷ ಆಯ್ತು. ಗೂಡು ಅನ್ನೋದು ಹೆಸರಿಗೆ ಅಷ್ಟೇ, ಇದು ಕಡ್ಡಿ ಗಿಡ್ಡಿ ತಂದು ಏನೂ ಕಟ್ಟಲ್ಲ, ಕಡಿದಾದ ಬಂಡೆ ಮೇಲೆ ಎಲ್ಲೋ ಒಂದು ಚಾಚು, ಅಲ್ಲಿ ಸ್ವಲ್ಪ ಮಣ್ಣು ಜಲ್ಲಿ ಇದ್ರೆ ಸಾಕು, ಎದೆಯಿಂದ ಒತ್ತಿ ಒಂದು ಗುಳಿ ಮಾಡ್ಕೊಂಡು ಮೂರೋ ನಾಲ್ಕೋ ಮೊಟ್ಟೆ ಇಟ್ಟು ಕೂತ್ಬಿಡುತ್ತೆ. ಒಂದೊಂದು ಮೊಟ್ಟೆಗೆ ಸುಮಾರು 33 ದಿನ ಕಾವು ಬೇಕು. ಆ ಸಲ ನಾನು ನೋಡ್ತಿದ್ದ ಹೆಣ್ಣು ಇಪ್ಪತ್ತು ದಿನ ಅಚ್ಚುಕಟ್ಟಾಗಿ ಕೂತಿತ್ತು, ಗಂಡು ಬೇಟೆ ತಂದು ಕೊಡ್ತಿತ್ತು, ಎಲ್ಲಾ ಸರಿ ಇತ್ತು. ಒಂದು ಬೆಳಿಗ್ಗೆ ಟೆಲಿಸ್ಕೋಪ್ ಹಾಕಿದ್ರೆ ಎರಡೂ ಬಂಡೆ ಮೇಲೆ ಸುಮ್ನೆ ಕೂತಿವೆ, ಗುಳಿಯಲ್ಲಿ ಕಾವಿಗೆ ಯಾರೂ ಇಲ್ಲ.

ತಕ್ಷಣ ಇಳಿದು ನೋಡ್ಬೇಕು ಅನ್ಸುತ್ತೆ, ಆದ್ರೆ ಇಳೀಬಾರದು. ಇನ್ನೂ ಎರಡು ವಾರ ಕಾದೆ, ಮತ್ತೆ ಕೂರಲ್ಲ ಅಂತ ಗ್ಯಾರಂಟಿ ಆದ್ಮೇಲೆ ಪರ್ಮಿಷನ್ ಪೇಪರ್ ಜೇಬಲ್ಲಿ ಇಟ್ಕೊಂಡು ಹಗ್ಗ ಕಟ್ಟಿ ಇಳಿದೆ. ಸಿಕ್ಕಿದ್ದು ಒಂದು ಇಡೀ ಮೊಟ್ಟೆ, ಕೆಂಗಂದು ಬಣ್ಣ, ಕೈಗೆ ತಗೊಂಡ್ರೆ ಇರಬೇಕಾದ್ದಕ್ಕಿಂತ ಹಗುರ. ಪಕ್ಕದಲ್ಲಿ ಜಲ್ಲಿ ಒಳಗೆ ಸೇರ್ಕೊಂಡಿದ್ದ ಚಿಪ್ಪಿನ ಚೂರುಗಳು, ದೊಡ್ಡದು ಅಂದ್ರೆ ಹೆಬ್ಬೆರಳಿನ ಉಗುರಿನಷ್ಟು, ಕೆಲವಕ್ಕೆ ಹಳದಿ ಒಣಗಿ ಅಂಟಿತ್ತು.

ಗೂಬೆ ಬಂದಿರ್ಬೇಕು ಅಂದ್ಕೊಂಡೆ ಮೊದ್ಲು. ಆದ್ರೆ ಗೂಬೆಯೋ ಇನ್ನೊಂದೋ ಬಂದಿದ್ರೆ ಆ ಇಡೀ ಮೊಟ್ಟೆ ಯಾಕೆ ಬಿಡ್ತಿತ್ತು? ಇನ್ನೊಂದು ವಿಷ್ಯ ಏನಂದ್ರೆ ಮೊಟ್ಟೆ ಒಡೆದ್ರೆ ತಾಯಿ ಹಕ್ಕಿನೇ ಅದನ್ನ ತಿಂದುಬಿಡುತ್ತೆ, ಹಾಗಾಗಿ ಎಷ್ಟೋ ಸಲ ಸಾಕ್ಷಿನೇ ಉಳಿಯಲ್ಲ. ಬ್ರಿಟನ್ನಿನ ಹಕ್ಕಿ ಸಂಶೋಧಕ ಡೆರೆಕ್ ರ‍್ಯಾಟ್‌ಕ್ಲಿಫ್ 1951ರಲ್ಲೇ ಹೀಗೆ ಒಡೆದ ಮೊಟ್ಟೆ ನೋಡಿ ತಲೆ ಕೆಡಿಸ್ಕೊಂಡಿದ್ರು, ಕಾರಣ ಗೊತ್ತಾಗೋಕೆ ಹದಿನೈದು ವರ್ಷ ಹಿಡೀತು. ಅದರ ಮಧ್ಯೆ ಒಂದು ತಮಾಷೆ ನಡೀತು, ಅಲ್ಲಿ ರೇಸಿನ ಪಾರಿವಾಳ ಸಾಕೋರು ಚಾಣ ಜಾಸ್ತಿ ಆಗಿ ನಮ್ಮ ಪಾರಿವಾಳ ತಿಂತಿವೆ ಅಂತ ಕಂಪ್ಲೇಂಟ್ ಮಾಡಿದ್ರು, ಹೌದಾ ನೋಡೋಣ ಅಂತ 1961-62ರಲ್ಲಿ ಸರ್ವೆ ಮಾಡಿದ್ರೆ ಚಾಣಗಳೇ ಇಲ್ಲ! 1963ರ ಹೊತ್ತಿಗೆ ಎರಡನೇ ಮಹಾಯುದ್ಧಕ್ಕೆ ಮುಂಚೆ ಇದ್ದದ್ರಲ್ಲಿ 44% ಮಾತ್ರ ಉಳಿದಿತ್ತು.

ರ‍್ಯಾಟ್‌ಕ್ಲಿಫ್ ಆಮೇಲೆ ಮಾಡಿದ ಕೆಲಸ ನಂಗೆ ತುಂಬಾ ಇಷ್ಟ. ಹಳೇ ಕಾಲದಲ್ಲಿ ಮೊಟ್ಟೆ ಕದ್ದು, ಸಣ್ಣ ತೂತು ಮಾಡಿ ಒಳಗಿಂದು ಊದಿ ತೆಗ್ದು ಪೆಟ್ಟಿಗೆಯಲ್ಲಿ ಜೋಡಿಸಿಡೋ ಹುಚ್ಚಿತ್ತಲ್ಲ (ಕೆಟ್ಟ ಹವ್ಯಾಸನೇ, ಅದ್ರಲ್ಲಿ ಎರಡು ಮಾತಿಲ್ಲ), ಆ ಪೆಟ್ಟಿಗೆಗಳಲ್ಲಿ ದಶಕಗಳ ಮೊಟ್ಟೆ ತಾರೀಖು ಸಮೇತ ಇದ್ವು. ಒಡೆಯೋ ಹಾಗಿಲ್ಲ, ಆದ್ರೆ ದಪ್ಪ ತಿಳೀಬೇಕು. ಅದಕ್ಕೆ ಚಿಪ್ಪಿನ ತೂಕ ಮಿಲಿಗ್ರಾಮಲ್ಲಿ ತಗೊಂಡು, ಉದ್ದ ಅಗಲ ಮಿ.ಮೀ.ನಲ್ಲಿ ಅಳೆದು ಗುಣಿಸಿ, ಅದ್ರಿಂದ ಭಾಗಿಸಿದ್ರು. 1947ರ ಆಸುಪಾಸಲ್ಲಿ ಆ ನಂಬರ್ ದಬಕ್ ಅಂತ ಬಿದ್ದಿತ್ತು, ಅಂದ್ರೆ ಚಿಪ್ಪು ತೆಳ್ಳಗಾಗಿತ್ತು, ಪೆರೆಗ್ರಿನ್‌ನಲ್ಲಿ ಸುಮಾರು 19%. ಡಿಡಿಟಿ ಅನ್ನೋ ಕೀಟನಾಶಕ ಹೊಲಕ್ಕೆ ಬಂದ ಟೈಮೇ ಅದು. 1967ರಲ್ಲಿ ಪೇಪರ್ ಬಂತು, ಮುಂದಿನ ವರ್ಷ ಅಮೆರಿಕದಲ್ಲಿ ಹಿಕ್ಕಿ ಮತ್ತು ಆಂಡರ್ಸನ್ ಅನ್ನೋ ಸಂಶೋಧಕರು ಕೂಡ ಅದನ್ನೇ ಕಂಡ್ರು. ಅಲ್ಲಂತೂ ಅಷ್ಟೊತ್ತಿಗೆ ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಮರಿ ಮಾಡೋ ಪೆರೆಗ್ರಿನ್ ಒಂದೂ ಉಳಿದಿರಲಿಲ್ಲ.

ಡಿಡಿಟಿ ಮೈಯೊಳಗೆ ಹೋಗಿ ಡಿಡಿಇ ಆಗುತ್ತೆ, ಕೊಬ್ಬಲ್ಲಿ ಕೂತ್ಕೊಳ್ಳುತ್ತೆ. ಹುಳದಿಂದ ಸಣ್ಣ ಹಕ್ಕಿಗೆ, ಸಣ್ಣ ಹಕ್ಕಿಯಿಂದ ಚಾಣಕ್ಕೆ, ಹೋಗ್ತಾ ಹೋಗ್ತಾ ಅದರ ಪ್ರಮಾಣ ಜಾಸ್ತಿ ಆಗ್ತಾ ಹೋಗುತ್ತೆ. ಅದಕ್ಕೇ ಹಕ್ಕಿ ತಿನ್ನೋ ಪೆರೆಗ್ರಿನ್‌ಗೆ ಬಿದ್ದ ಏಟು ಇಲಿ ತಿನ್ನೋ ಸಣ್ಣ ಚಾಣಕ್ಕೆ ಅಷ್ಟು ಬೀಳಲಿಲ್ಲ. ಈ ಡಿಡಿಇ ಚಿಪ್ಪು ತಯಾರಾಗೋ ಗ್ರಂಥಿಗೆ ಕ್ಯಾಲ್ಸಿಯಂ ಸರಿಯಾಗಿ ಹೋಗೋಕೆ ಬಿಡಲ್ಲ, ತಾಯಿ ಹಕ್ಕಿ ಮಾತ್ರ ಗುಂಡುಕಲ್ಲಿನ ಹಾಗೆ ಇರುತ್ತೆ. ಬೀಜಕ್ಕೆ ಹಾಕ್ತಿದ್ದ ಡೀಲ್ಡ್ರಿನ್ ಅನ್ನೋ ಕೀಟನಾಶಕ ಬೇರೆ ಥರ, ಅದು ಬೆಳೆದ ಹಕ್ಕಿಯನ್ನೇ ಕೊಲ್ಲುತ್ತೆ. ಬ್ರಿಟನ್ನಲ್ಲಿ ಎರಡೂ ಸೇರ್ಕೊಂಡು ಹೊಡೆದವು, ಯಾವುದರ ಪಾಲು ಹೆಚ್ಚು ಅಂತ ಆಮೇಲೂ ಜಗಳ ನಡೀತಾನೇ ಇತ್ತು.

ಈಗ ನನ್ನ ಕೆಲಸಕ್ಕೆ ಬರ್ತೀನಿ. ಕೊಳೆತ ಮೊಟ್ಟೆ ಒಳಗೆ ಗ್ಯಾಸ್ ತುಂಬಿರುತ್ತೆ, ಸೀದಾ ಬ್ಲೇಡ್ ಹಾಕಿದ್ರೆ ಮುಖಕ್ಕೇ ಹಾರುತ್ತೆ, ಹಾಗಾಗಿ ಒದ್ದೆ ಬಟ್ಟೆ ಸುತ್ತಿ ಸೂಜಿಯಿಂದ ಒಂದು ತೂತು, ಅದೂ ಕೆಟ್ಟ ಗಾಳಿ ಎಳ್ಕೊಳ್ಳೋ ಫ್ಯೂಮ್ ಹುಡ್ ಕೆಳಗೇ. ಆಮೇಲೆ ಮೊಟ್ಟೆಯ ನಡುಭಾಗದ ಸುತ್ತ ಸ್ಕಾಲ್ಪೆಲ್‌ನಿಂದ ಕೊಯ್ದು ಒಳಗಿಂದನ್ನ ಹೆಕ್ಸೇನ್ ಅನ್ನೋ ದ್ರಾವಕದಲ್ಲಿ ತೊಳೆದ ಗಾಜಿನ ಬಾಟ್ಲಿಗೆ ಹಾಕೋದು. ಪ್ಲಾಸ್ಟಿಕ್ ಡಬ್ಬಿ ಬೇಡವೇ ಬೇಡ, ಅದರಿಂದ ಬಿಡೋ ಕೆಮಿಕಲ್ಲು ಟೆಸ್ಟಲ್ಲಿ ಅಡ್ಡ ಬರುತ್ತೆ. ಮುಚ್ಚಳದ ಒಳಗೂ ಫಾಯಿಲ್ ಹಾಕಿ. ಮರಿ ಎಷ್ಟು ಬೆಳೆದಿತ್ತು ಅಂತ ಕಡ್ಡಾಯವಾಗಿ ಬರ್ಕೊಳ್ಳಿ, ಯಾಕಂದ್ರೆ ಬೆಳೆಯೋ ಮರಿ ಎಲುಬಿಗೆ ಬೇಕಾದ ಕ್ಯಾಲ್ಸಿಯಂ ಚಿಪ್ಪಿಂದಲೇ ಎಳ್ಕೊಳ್ಳುತ್ತೆ, ದೊಡ್ಡ ಮರಿ ಸತ್ತಿರೋ ಮೊಟ್ಟೆ ಚಿಪ್ಪು ವಿಷ ಇಲ್ದೇನೂ ತೆಳ್ಳಗಿರುತ್ತೆ. ನನ್ನದ್ರಲ್ಲಿ ಮರಿ ಶುರುನೇ ಆಗಿರಲಿಲ್ಲ. ವಾಸನೆ ಬಗ್ಗೆ ಏನೂ ಹೇಳಲ್ಲ, ಆ ಶರ್ಟ್ ಬಿಸಾಕಿದೆ.

ಚಿಪ್ಪನ್ನ ನೀರಲ್ಲಿ ತೊಳೆದು ಒಂದು ತಿಂಗಳು ಒಣಗಿಸಬೇಕು. ನಾನು ಆ ಒಂದು ತಿಂಗಳೂ ತಡ್ಕೊಳ್ಳೋಕಾಗದೆ ಮೊದ್ಲು ಬಂಡೆಯಿಂದ ತಂದ ಚೂರುಗಳನ್ನೇ ದಪ್ಪ ಅಳೆಯೋ ಮೈಕ್ರೋಮೀಟರ್‌ಗೆ ಕೊಟ್ಟೆ. ಬಂತು ಸರಾಸರಿ 0.25 ಮಿ.ಮೀ. ಡಿಡಿಟಿಗೆ ಮುಂಚಿನ ಪೆರೆಗ್ರಿನ್ ಚಿಪ್ಪು ಸುಮಾರು 0.36. ಅಂದ್ರೆ 30% ತೆಳುವು! ಸರಾಸರಿ 17% ದಾಟಿ ವರ್ಷಗಟ್ಟಲೆ ಹಾಗೇ ಇದ್ರೆ ಆ ಪ್ರದೇಶದ ಚಾಣಗಳ ಸಂಖ್ಯೆನೇ ಇಳಿಯುತ್ತೆ, ಇಲ್ಲಿ 30. ಕೈ ನಡುಗ್ತಾ ಇತ್ತು, ಅವತ್ತೇ ನಾಲ್ಕು ಜನಕ್ಕೆ ಫೋನ್ ಮಾಡಿ ಹೇಳಿಬಿಟ್ಟೆ.

ಅದ್ರಲ್ಲಿ ನನಗಿಂತ ಹಿರಿಯರೊಬ್ರು ಒಂದೇ ಪ್ರಶ್ನೆ ಕೇಳಿದ್ರು, "ಒಳಪೊರೆ ಇತ್ತೇನಪ್ಪಾ?" ಅಂತ. ನೋಡಿದ್ರೆ ಇಲ್ಲ. ಬಿಸಿಲು ಗಾಳಿಗೆ ಪೊರೆ ಕಿತ್ತು ಹೋಗಿದ್ದ ಚೂರುಗಳೇ ಚೊಕ್ಕಟವಾಗಿ ಕಾಣ್ತಿದ್ವು ಅಂತ ನಾನು ಅವನ್ನೇ ಆರಿಸಿದ್ದೆ, ಆ 0.36 ಇರೋದು ಪೊರೆ ಸೇರಿಸಿ. ಪೊರೆನೇ 0.07 ಮಿ.ಮೀ. ಹತ್ತಿರ ಬರುತ್ತೆ. ಸೇರಿಸಿದ್ರೆ 0.32, ಅಂದ್ರೆ 11%. ಮತ್ತೆ ನಾಲ್ಕು ಜನಕ್ಕೆ ಫೋನ್.

ಇಷ್ಟಾದ್ಮೇಲಾದ್ರೂ ಬುದ್ಧಿ ಬರಬೇಕಿತ್ತು. ಲ್ಯಾಬಿಂದ ಡಿಡಿಇ ರಿಪೋರ್ಟ್ ಬಂತು, 14 ಪಿಪಿಎಂ, ಅಂದ್ರೆ ಹತ್ತು ಲಕ್ಷ ಭಾಗಕ್ಕೆ 14 ಭಾಗ. ಪೆರೆಗ್ರಿನ್ ಮೊಟ್ಟೆಯಲ್ಲಿ 15ರಿಂದ 20 ಆದ್ರೆ ಮರಿ ಆಗೋದು ಕಷ್ಟ ಅಂತ ಓದಿದ್ದೆ, ನಮ್ಮದು ಅಂಚಲ್ಲೇ ಇದೆ ಅಂತ ಮತ್ತೆ ಗಾಬರಿ. ಆದ್ರೆ ಮೊಟ್ಟೆ ಹಗುರ ಇತ್ತು ಅಂತ ನಾನೇ ನೋಟ್‌ಬುಕ್ಕಲ್ಲಿ ಬರ್ದಿದ್ದೆ! ವಾರಗಟ್ಟಲೆ ಬಂಡೆ ಮೇಲೆ ಕೂತ ಮೊಟ್ಟೆಯಿಂದ ನೀರು ಆರಿ ಹೋಗುತ್ತೆ, ವಿಷ ಎಲ್ಲೂ ಹೋಗಲ್ಲ, ಅಷ್ಟೇ ವಿಷ ಕಮ್ಮಿ ತೂಕದಲ್ಲಿ ಇದ್ದಾಗ ನಂಬರ್ ಜಾಸ್ತಿ ತೋರಿಸುತ್ತೆ. ಅದನ್ನ ಸರಿ ಮಾಡೋಕೆ ಉದ್ದವನ್ನ ಅಗಲದ ವರ್ಗದಿಂದ ಗುಣಿಸಿ 0.51ರಿಂದ ಮತ್ತೆ ಗುಣಿಸಿದ್ರೆ ಇಟ್ಟಾಗಿನ ಗಾತ್ರ ಸಿಗುತ್ತೆ. ನಂದು 5.2 ಸೆಂ.ಮೀ. ಉದ್ದ, 4.1 ಅಗಲ, ಸುಮಾರು 44.6 ಘನ ಸೆಂ.ಮೀ. ಬಾಟ್ಲಿಗೆ ಹೋದದ್ದು 33 ಗ್ರಾಂ. 14ನ್ನ 33ರಿಂದ ಗುಣಿಸಿ 44.6ರಿಂದ ಭಾಗಿಸಿದ್ರೆ ಹತ್ತರ ಸ್ವಲ್ಪ ಮೇಲೆ.

ಈ ಸಲ ಯಾರಿಗೂ ಫೋನ್ ಮಾಡಲಿಲ್ಲ. ಹತ್ತು ಪಿಪಿಎಂ, 11% ಅಂದ್ರೆ ಸುಮ್ನೆ ಬಿಡೋ ನಂಬರೂ ಅಲ್ಲ, ಆದ್ರೆ ಆ ಮೊಟ್ಟೆಗಳು ಒಡೆದದ್ದು ಇದ್ರಿಂದಲೇ ಅಂತ ಒಂದು ಗೂಡು ನೋಡಿ ಹೇಳೋಕಾಗಲ್ಲ, ಹತ್ತಾರು ಗೂಡಿಂದ ಹತ್ತಾರು ವರ್ಷ ಬೇಕು. ಅಮೆರಿಕ 1972ರಲ್ಲಿ ಡಿಡಿಟಿ ನಿಲ್ಲಿಸ್ತು, ಸಾಕಿ ಬೆಳೆಸಿದ ಮರಿಗಳನ್ನ ಸಾವಿರಗಟ್ಟಲೆ ಬಿಟ್ರು, ಆದ್ರೂ ಪೆರೆಗ್ರಿನ್ ಅಪಾಯದ ಪಟ್ಟಿಯಿಂದ ಹೊರಗೆ ಬಂದಿದ್ದು 1999ಕ್ಕೆ.

ಹೋದ ಸೀಸನ್ನಲ್ಲಿ ಅದೇ ಚಾಚಿಗೆ ಮತ್ತೆ ಇಳಿದೆ, ಹೆಣ್ಣು ಅದೇನಾ ಅಂತ ಹೇಳೋಕಾಗಲ್ಲ, ಕಾಲಿಗೆ ರಿಂಗ್ ಇರಲಿಲ್ಲ. ಮಣ್ಣು ಜರಡಿ ಹಿಡಿದ್ರೆ ಏಳು ಚೂರು ಸಿಕ್ವು, ಹಳದಿ ಅಂಟಿರಲಿಲ್ಲ, ಒಳಪೊರೆ ಕಾಗದದ ಥರ ತಾನಾಗೇ ಬಿಟ್ಕೊಂಡಿತ್ತು. ಮರಿ ಒಳಗಿಂದ ಕೊರೆದು ಹೊರಗೆ ಬಂದಾಗಲೇ ಚಿಪ್ಪು ಹಾಗೆ ಬಿಡೋದು. ಪೊರೆ ಇರೋದು ಒಂದು ಕವರಲ್ಲಿ, ಇಲ್ಲದ್ದು ಇನ್ನೊಂದರಲ್ಲಿ ಇಟ್ಟು ಮೇಲೆ ತಾರೀಖು ಬರ್ದಿದೀನಿ. ಒಣಗೋಕೆ ಇನ್ನೂ ಹನ್ನೆರಡು ದಿನ ಇದೆ, ಮೈಕ್ರೋಮೀಟರ್‌ನ ಬೀರುವಿನಲ್ಲಿಟ್ಟು ಕೀ ಹೆಂಡತಿ ಕೈಗೆ ಕೊಟ್ಟಿದೀನಿ.